ಇ-ಅಂಚೆಯ ಲಗತ್ತು ತೆರೆಯದಿದ್ದಾಗ, ಅಕ್ಷರ ಕಲಸಿಹೋದಾಗ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ಕೆಲವು ವರ್ಷಗಳ ಹಿಂದೆ ನನ್ನಲ್ಲಿ ತೋಡಿಕೊಂಡ ಸಂಗತಿಯೊಂದನ್ನು ಮೊದಲು ಹೇಳುವುದು ಉಚಿತವೆನಿಸುತ್ತದೆ. ವಿದೇಶದ ಖರೀದಿದಾರರೊಬ್ಬರು ಅವರಿಂದ ದರಪ್ರಸ್ತಾವವನ್ನು ಕೇಳಿದ್ದರು. ನಕ್ಷೆ, ದರಪಟ್ಟಿ ಮತ್ತು ಪರೀಕ್ಷಾ ಪ್ರಮಾಣಪತ್ರ, ಹೀಗೆ ಮೂರು ಕಡತಗಳನ್ನು ಲಗತ್ತಿಸಿದ ಇ-ಅಂಚೆ ಶುಕ್ರವಾರ ಸಂಜೆಯೇ ರವಾನೆಯಾಯಿತು. ಸೋಮವಾರ ಬಂದ ಉತ್ತರ ಇಷ್ಟೆ: ‘ಪತ್ರ ತಲುಪಿದೆ, ಲಗತ್ತು ತೆರೆಯುತ್ತಿಲ್ಲ.’ ಮಾಲೀಕರು ತಮ್ಮ ಗಣಕಯಂತ್ರದಲ್ಲಿ ಕಳಿಸಿದ ಪತ್ರಗಳ ಪೆಟ್ಟಿಗೆಯನ್ನು ತೆರೆದು ನೋಡಿದರು. ಮೂರೂ ಕಡತಗಳು ಅಲ್ಲಿ ಸುರಕ್ಷಿತವಾಗಿದ್ದವು. ಅದೇ ಪತ್ರವನ್ನು ಮತ್ತೆ ಕಳಿಸಿದರು. ಮತ್ತೆ ಅದೇ ಉತ್ತರ ಬಂತು. ಮೂರನೆಯ ಬಾರಿ ಕಳಿಸಿ ಉತ್ತರಕ್ಕೆ ಕಾಯುವಷ್ಟರಲ್ಲಿ ಗಡುವು ಮುಗಿದು, ಆದೇಶವು ಬೇರೊಬ್ಬರ ಪಾಲಾಯಿತು.

ಖರೀದಿದಾರರ ಪರದೆಯ ಮೇಲೆ ಕಂಡದ್ದು ಮೂರು ಕಡತಗಳಲ್ಲ, ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಹೆಸರಿನ ಒಂದೇ ಕಡತ. ಅದು ಏನೆಂಬುದು ಅವರಿಗೆ ತಿಳಿಯಲಿಲ್ಲ. ಅಪರಿಚಿತ ಕಡತವನ್ನು ತೆರೆಯದಿರುವುದು ವಿವೇಕವೂ ಹೌದು.

ಈ ಪ್ರಸಂಗದಲ್ಲಿ ದೋಷವು ಕಾಣಿಸಿಕೊಂಡದ್ದು ಪಡೆದವರಲ್ಲಿ, ಹುಟ್ಟಿದ್ದು ಕಳಿಸಿದವರಲ್ಲಿ. ನಾನು ಕಂಡಿರುವ ಇಂತಹ ತೊಡಕುಗಳಲ್ಲಿ ಬಹುಪಾಲು ಹೀಗೆಯೇ ಇವೆ. ಕಳಿಸಿದ ಪತ್ರಗಳ ಪೆಟ್ಟಿಗೆಯು ಇಲ್ಲಿ ಸಾಕ್ಷಿಯಾಗಲಾರದು. ಪತ್ರವನ್ನು ಬರೆದ ತಂತ್ರಾಂಶವೇ ಅದನ್ನು ಓದಿಯೂ ತೋರಿಸುತ್ತಿರುತ್ತದೆ. ತನ್ನ ಭಾಷೆಯನ್ನು ತಾನು ಓದಿಕೊಳ್ಳುವುದರಲ್ಲಿ ಯಾವ ತಂತ್ರಾಂಶವೂ ಎಡವುವುದಿಲ್ಲ. ಆದ್ದರಿಂದ ಪತ್ರ ಸರಿಯಾಗಿ ತಲುಪಿಲ್ಲವೆಂದು ತಿಳಿದಾಗ ಅದನ್ನೇ ಮತ್ತೆ ಮತ್ತೆ ಕಳಿಸುವುದರಿಂದ ಕಾಲಹರಣವಾಗುವುದೇ ಹೊರತು ಪ್ರಯೋಜನವಿಲ್ಲ. ಪಡೆದವರಿಗೆ ನಿಖರವಾಗಿ ಏನು ಕಾಣುತ್ತಿದೆ ಎಂಬುದನ್ನು ಕೇಳಿ ತಿಳಿದರೆ, ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಕುಳಿತಲ್ಲಿಯೇ ಹೇಳಬಹುದು.

ಹಳೆಯ ದಾರಿ, ಹೊಸ ಸರಕು

ಇ-ಅಂಚೆಯ ಮೂಲ ನಿಯಮಗಳು 1982ರಲ್ಲಿ ರೂಪುಗೊಂಡವು. ಆಗ ಪತ್ರವೆಂದರೆ ಇಂಗ್ಲಿಷ್ ಅಕ್ಷರಗಳ ಸಾಲುಗಳು ಮಾತ್ರ. ಒಟ್ಟು 128 ಸಂಕೇತಗಳ ಆ ಪಟ್ಟಿಯಲ್ಲಿ ಕನ್ನಡಕ್ಕಾಗಲಿ, ಛಾಯಾಚಿತ್ರಕ್ಕಾಗಲಿ, ನಕ್ಷೆಗಾಗಲಿ ಸ್ಥಳವಿರಲಿಲ್ಲ. 1992ರಲ್ಲಿ ನೆಥೇನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ತಜ್ಞರು ‘ಮೈಮ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಹಳೆಯ ದಾರಿಯನ್ನು ಅಗೆಯದೆ, ಹೊಸ ಸರಕನ್ನು ಆ ದಾರಿಗೆ ಒಗ್ಗುವಂತೆ ಮೂಟೆ ಕಟ್ಟುವುದೇ ಅದರ ಉಪಾಯ. ಯಾವುದೇ ಕಡತವನ್ನು ಸಾಮಾನ್ಯ ಅಕ್ಷರಗಳಾಗಿ ಪರಿವರ್ತಿಸಿ ಕಳಿಸಲಾಗುತ್ತದೆ; ಮೂಟೆಯ ಮೇಲೆ ‘ಇದರೊಳಗೆ ಇಂತಹ ವಸ್ತುವಿದೆ, ಇಂತಹ ಕ್ರಮದಲ್ಲಿ ಕಟ್ಟಿದೆ’ ಎಂಬ ಚೀಟಿಯನ್ನು ಅಂಟಿಸಲಾಗುತ್ತದೆ. ಪಡೆದವರ ತಂತ್ರಾಂಶವು ಚೀಟಿಯನ್ನು ಓದಿ ಮೂಟೆಯನ್ನು ಬಿಚ್ಚುತ್ತದೆ.

ಇಂದಿಗೂ ಜಿಮೇಲ್, ಔಟ್‌ಲುಕ್, ಥಂಡರ್‌ಬರ್ಡ್, ಆಪಲ್ ಮೇಲ್ ಇವೆಲ್ಲವೂ ಪರಸ್ಪರ ವ್ಯವಹರಿಸುವುದು ಈ ಕ್ರಮದಿಂದಲೇ. ಚೀಟಿ ಬಿದ್ದುಹೋದರೆ, ಚೀಟಿಯಲ್ಲಿ ತಪ್ಪು ಬರೆದಿದ್ದರೆ, ಅಥವಾ ಮೂಟೆಯನ್ನು ತಮಗೆ ಮಾತ್ರ ತಿಳಿದ ರೀತಿಯಲ್ಲಿ ಕಟ್ಟಿದ್ದರೆ ತೊಡಕು ಉಂಟಾಗುತ್ತದೆ. ಮುಂದೆ ಹೇಳುವ ಹಲವು ತೊಡಕುಗಳು ಈ ಮೂರರಲ್ಲಿ ಒಂದಕ್ಕೆ ಸೇರುತ್ತವೆ.

ವಿನ್‌ಮೇಲ್ ಎಂಬ ಮುಚ್ಚಿದ ಪೊಟ್ಟಣ

ಪೀಣ್ಯದ ಘಟಕದಲ್ಲಿ ನಡೆದದ್ದು ಮೂರನೆಯ ಬಗೆಯದು. ಮೈಕ್ರೋಸಾಫ್ಟ್ ಸಂಸ್ಥೆಯ ಹಳೆಯ ಮಾದರಿಯ ಔಟ್‌ಲುಕ್ ತಂತ್ರಾಂಶದಲ್ಲಿ ಪತ್ರವನ್ನು ಮೂರು ರೂಪಗಳಲ್ಲಿ ಬರೆಯಬಹುದು: ಸಾದಾ ಪಠ್ಯ, ಎಚ್‌ಟಿಎಂಎಲ್ ಮತ್ತು ರಿಚ್ ಟೆಕ್ಸ್ಟ್. ಮೊದಲಿನ ಎರಡು ರೂಪಗಳನ್ನು ಎಲ್ಲ ತಂತ್ರಾಂಶಗಳೂ ಬಲ್ಲವು. ಮೂರನೆಯದು ಔಟ್‌ಲುಕ್‌ನ ಸ್ವಂತದ್ದು. ಆ ರೂಪದಲ್ಲಿ ಪತ್ರವು ಹೊರಟಾಗ ಅಕ್ಷರಗಳ ದಪ್ಪ, ಬಣ್ಣ ಮುಂತಾದ ಅಲಂಕಾರಗಳ ಜೊತೆಗೆ ಲಗತ್ತುಗಳೂ ‘ಟಿಎನ್‌ಇಎಫ್’ ಎಂಬ ಪೊಟ್ಟಣದೊಳಗೆ ಸೇರುತ್ತವೆ. ವಿನ್‌ಮೇಲ್ ಡಾಟ್ ಡ್ಯಾಟ್ ಎಂದರೆ ಈ ಪೊಟ್ಟಣವೇ. ಪಡೆದವರಲ್ಲಿಯೂ ಔಟ್‌ಲುಕ್ ಇದ್ದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೇರೆ ತಂತ್ರಾಂಶವಿದ್ದರೆ ಸಾದಾ ಪಠ್ಯ ಮಾತ್ರ ಓದಲು ಸಿಕ್ಕಿ, ಲಗತ್ತುಗಳು ಪೊಟ್ಟಣದಲ್ಲಿಯೇ ಉಳಿಯುವ ಸಂಭವ ಹೆಚ್ಚು.

ಪರಿಹಾರವು ಸುಲಭ. ಔಟ್‌ಲುಕ್‌ನ ಫೈಲ್ ಪಟ್ಟಿಯಲ್ಲಿ ಆಪ್ಷನ್ಸ್, ಅದರೊಳಗೆ ಮೇಲ್ ಎಂಬ ವಿಭಾಗಕ್ಕೆ ಹೋಗಿ, ಪತ್ರಗಳನ್ನು ಎಚ್‌ಟಿಎಂಎಲ್ ರೂಪದಲ್ಲಿ ಬರೆಯುವಂತೆ ಆಯ್ಕೆ ಮಾಡಬೇಕು. ಅದೇ ಪುಟದ ಕೆಳಭಾಗದಲ್ಲಿ, ಹೊರಗಿನ ವಿಳಾಸಗಳಿಗೆ ಹೋಗುವ ರಿಚ್ ಟೆಕ್ಸ್ಟ್ ಪತ್ರಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯಿದೆ. ಅಲ್ಲಿಯೂ ಎಚ್‌ಟಿಎಂಎಲ್‌ಗೆ ಪರಿವರ್ತಿಸುವ ಆಯ್ಕೆಯನ್ನೇ ಮಾಡತಕ್ಕದ್ದು.

ಇಷ್ಟು ಮಾಡಿದ ಮೇಲೂ ಒಬ್ಬರೇ ಒಬ್ಬ ಗ್ರಾಹಕರಿಂದ ದೂರು ಬರುತ್ತಲೇ ಇರುವುದುಂಟು. ಮೇಲೆ ಹೇಳಿದ ಮಾಲೀಕರಿಗೆ ಆದದ್ದೂ ಇದೇ. ಅವರ ಸಾಮಾನ್ಯ ಆಯ್ಕೆಗಳೆಲ್ಲ ಸರಿಯಾಗಿಯೇ ಇದ್ದವು. ಇತರ ಗ್ರಾಹಕರಿಗೆ ಪತ್ರಗಳು ಸರಿಯಾಗಿ ಹೋಗುತ್ತಿದ್ದವು. ಆದರೆ ವಿಳಾಸ ಪುಸ್ತಕದಲ್ಲಿ ಆ ಖರೀದಿದಾರರ ಹೆಸರಿನ ಮುಂದೆ ಮಾತ್ರ ‘ಸದಾ ರಿಚ್ ಟೆಕ್ಸ್ಟ್ ರೂಪದಲ್ಲಿ ಕಳಿಸು’ ಎಂಬ ಸೂಚನೆ ಯಾವಾಗಲೋ ಸೇರಿಕೊಂಡಿತ್ತು. ಒಬ್ಬೊಬ್ಬ ವಿಳಾಸದಾರರಿಗೂ ಇಂತಹ ಪ್ರತ್ಯೇಕ ಸೂಚನೆ ನೀಡಲು ಔಟ್‌ಲುಕ್‌ನಲ್ಲಿ ಅವಕಾಶವಿದೆ, ಮತ್ತು ಅದು ಸಾಮಾನ್ಯ ಆಯ್ಕೆಯನ್ನು ಮೀರಿ ನಡೆಯುತ್ತದೆ. ವಿಳಾಸದ ಗುಣಲಕ್ಷಣಗಳನ್ನು ತೆರೆದು, ಯಾವ ರೂಪವೆಂಬ ನಿರ್ಧಾರವನ್ನು ತಂತ್ರಾಂಶಕ್ಕೇ ಬಿಡುವಂತೆ ಬದಲಿಸಬೇಕು. ವಿಳಾಸವನ್ನು ಅಳಿಸಿ ಹೊಸದಾಗಿ ಸೇರಿಸುವುದೂ ಒಂದು ದಾರಿ. ಸಂಸ್ಥೆಯು ಸ್ವಂತ ಎಕ್ಸ್‌ಚೇಂಜ್ ಸರ್ವರ್ ಇಟ್ಟುಕೊಂಡಿದ್ದಲ್ಲಿ, ಹೊರ ಸಂಸ್ಥೆಗಳಿಗೆ ರಿಚ್ ಟೆಕ್ಸ್ಟ್ ಹೋಗದಂತೆ ಅಲ್ಲಿಯೇ ತಡೆಯುವ ವ್ಯವಸ್ಥೆಯಿದೆ. ನಿರ್ವಾಹಕರನ್ನು ಕೇಳಿ ಅದನ್ನು ಜಾರಿಗೊಳಿಸಬಹುದು.

ತಮಗೇ ಇಂತಹ ಪೊಟ್ಟಣ ಬಂದರೆ ಬಿಚ್ಚಿಕೊಡುವ ಉಚಿತ ಜಾಲತಾಣಗಳು ಹಲವಿವೆ. ಆದರೆ ಗ್ರಾಹಕರ ನಕ್ಷೆಯನ್ನೋ ದರಪಟ್ಟಿಯನ್ನೋ ಗುರುತಿಲ್ಲದ ತಾಣಕ್ಕೆ ಏರಿಸುವುದೆಂದರೆ ಅಂಗಡಿಯ ಲೆಕ್ಕದ ಪುಸ್ತಕವನ್ನು ದಾರಿಹೋಕರ ಕೈಗೆ ಕೊಟ್ಟಂತೆ. ಕಳಿಸಿದವರಿಗೆ ತಿಳಿಸಿ, ಬೇರೆ ರೂಪದಲ್ಲಿ ಕಳಿಸಲು ಕೇಳುವುದೇ ಮೇಲು.

ಅಕ್ಷರಗಳು ಕಲಸಿಹೋದಾಗ

ಲಗತ್ತು ತೆರೆಯದಿದ್ದರೆ ತೊಂದರೆ ಕೂಡಲೇ ತಿಳಿಯುತ್ತದೆ. ಅಕ್ಷರ ಕಲಸಿಹೋದರೆ ಕೆಲವೊಮ್ಮೆ ತಿಳಿಯುವುದೇ ಇಲ್ಲ. ಆದ್ದರಿಂದ ಇದು ಹೆಚ್ಚು ಅಪಾಯಕರ.

ರೂಪಾಯಿಯ ಚಿಹ್ನೆಯನ್ನೇ ತೆಗೆದುಕೊಳ್ಳೋಣ. ಕೇಂದ್ರ ಸರ್ಕಾರವು 2010ರ ಜುಲೈ 15ರಂದು ಈ ಚಿಹ್ನೆಯನ್ನು ಅಂಗೀಕರಿಸಿತು. ಅದೇ ವರ್ಷ ಅದು ಯೂನಿಕೋಡ್ ಪಟ್ಟಿಗೆ ಸೇರಿತು. ಯುಟಿಎಫ್-8 ಎಂಬ ಕ್ರಮದಲ್ಲಿ ಈ ಚಿಹ್ನೆಯು ಮೂರು ಬೈಟ್‌ಗಳಾಗಿ ರವಾನೆಯಾಗುತ್ತದೆ. ಪಡೆದವರ ತಂತ್ರಾಂಶವು ಅದನ್ನು ಹಳೆಯ ಪಾಶ್ಚಾತ್ಯ ಅಕ್ಷರಪಟ್ಟಿಯ ಪ್ರಕಾರ ಓದಿದರೆ ಒಂದು ಚಿಹ್ನೆಯ ಬದಲು ಮೂರು ಗುರುತುಗಳು ಮೂಡುತ್ತವೆ: ತಲೆಯ ಮೇಲೆ ಟೋಪಿಯಿರುವ ಇಂಗ್ಲಿಷ್ ‘ಎ’, ಅಲ್ಪವಿರಾಮವನ್ನು ಹೋಲುವ ಒಂದು ಗುರುತು, ಬಳಿಕ ಮೇಲಕ್ಕೇರಿಸಿ ಬರೆದ ಸಣ್ಣ 1. ಅದರ ಬೆನ್ನಿಗೇ ಮೊತ್ತವು ಬರುತ್ತದೆ. ತಾವು 25,000 ರೂಪಾಯಿ ಎಂದು ಬರೆದದ್ದು, ಆತುರದಲ್ಲಿ ನೋಡುವ ಗುಮಾಸ್ತನ ಕಣ್ಣಿಗೆ 1,25,000 ಎಂದು ಕಾಣಲು ಇಷ್ಟು ಸಾಕು. ಮೊತ್ತವನ್ನು ಅಕ್ಷರಗಳಲ್ಲಿಯೂ ಬರೆಯುವ ನಮ್ಮ ಹಿರಿಯರ ರೂಢಿ ಚೆಕ್ಕು ಮತ್ತು ಹುಂಡಿಗಳಿಗೆ ಮಾತ್ರ ಮೀಸಲಾಗಬೇಕಿಲ್ಲ. ದರಪ್ರಸ್ತಾವದ ಪತ್ರದಲ್ಲಿ ಚಿಹ್ನೆಯ ಬದಲು ‘ರೂ.’ ಎಂದೋ, ವಿದೇಶಕ್ಕೆ ಬರೆಯುವಾಗ ಐ, ಎನ್, ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನೋ ಬಳಸುವುದು ಕ್ಷೇಮ.

ಯಂತ್ರಭಾಗಗಳ ತಯಾರಕರಿಗೆ ಇನ್ನೊಂದು ಮಾತು. ಅಳತೆಯ ಸಹನಮಿತಿಯನ್ನು ಸೂಚಿಸುವ ಕೂಡು-ಕಳೆ ಚಿಹ್ನೆ, ವ್ಯಾಸದ ಚಿಹ್ನೆ, ಮೈಕ್ರಾನ್ ಚಿಹ್ನೆ, ಇವಾವುವೂ ಮೂಲದ 128 ಸಂಕೇತಗಳಲ್ಲಿಲ್ಲ. ‘25 ಕೂಡು-ಕಳೆ 0.05’ ಎಂಬುದು ‘25 ? 0.05’ ಎಂದು ತಲುಪಿದರೆ ಓದುವವರು ಊಹಿಸಬೇಕಾಗುತ್ತದೆ. ಅಳತೆಗಳನ್ನು ಪತ್ರದ ಒಡಲಲ್ಲಿ ಬರೆಯದೆ ನಕ್ಷೆಯಲ್ಲಿಯೇ ಇಟ್ಟು, ಪಿಡಿಎಫ್ ಆಗಿ ಕಳಿಸುವುದು ಒಳ್ಳೆಯದು.

ಕನ್ನಡದಲ್ಲಿ ಪತ್ರ ಬರೆಯುವ ಸದಸ್ಯರಿಗೆ ಈ ತೊಡಕು ಚಿರಪರಿಚಿತ. ಆದರೆ ‘ಕನ್ನಡ ಬರುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಬೇರೆಬೇರೆ ಕಾರಣಗಳಿರುತ್ತವೆ, ಮತ್ತು ಕಾಣುವ ರೂಪವನ್ನು ನೋಡಿ ಅವನ್ನು ಗುರುತಿಸಬಹುದು. ಪರದೆಯ ಮೇಲೆ ಖಾಲಿ ಚೌಕಗಳು ಕಂಡರೆ ಪಠ್ಯವು ಸರಿಯಾಗಿ ತಲುಪಿದೆ, ಅಲ್ಲಿ ಕನ್ನಡ ಲಿಪಿಯ ಫಾಂಟ್ ಇಲ್ಲವೆಂದು ತಿಳಿಯಬಹುದು. ತಲೆಯ ಮೇಲೆ ಓರೆಗೆರೆಯಿರುವ ‘ಎ’, ಅದರ ಮಗ್ಗುಲಲ್ಲಿ ಮೇಲಕ್ಕೇರಿಸಿದ ಸಣ್ಣ 2 ಅಥವಾ 3, ಈ ಜೋಡಿಯು ಸಾಲುಸಾಲಾಗಿ ಪುನರಾವರ್ತನೆಯಾಗುತ್ತಿದ್ದರೆ ಅದು ಯೂನಿಕೋಡ್ ಕನ್ನಡವೇ. ಚೀಟಿ ಕಳೆದುಹೋಗಿ ತಪ್ಪು ಪಟ್ಟಿಯ ಪ್ರಕಾರ ಓದಲಾಗಿದೆ. ಪಡೆದವರು ತಮ್ಮ ತಂತ್ರಾಂಶದಲ್ಲಿ ಅಕ್ಷರಕ್ರಮವನ್ನು ಯುಟಿಎಫ್-8 ಎಂದು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಮ ಚಿಹ್ನೆ, ಅದರ ಮುಂದೆ ‘ಇ’ ಮತ್ತು ಸೊನ್ನೆ, ಮತ್ತೆ ಸಮ ಚಿಹ್ನೆ, ‘ಬಿ’ ಮತ್ತು 2, ಹೀಗೆ ಪುಟವೆಲ್ಲ ತುಂಬಿದ್ದರೆ ಮೂಟೆಯನ್ನು ಬಿಚ್ಚದೆಯೇ ತೋರಿಸಲಾಗಿದೆ ಎಂದರ್ಥ. ಇಲ್ಲಿಯೂ ಪಠ್ಯವು ನಾಶವಾಗಿಲ್ಲ.

ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಆಸೆ ಬಿಡಬೇಕು. ದಾರಿಯಲ್ಲಿ ಯಾವುದೋ ತಂತ್ರಾಂಶವು ತನಗೆ ತಿಳಿಯದ ಪ್ರತಿಯೊಂದು ಅಕ್ಷರವನ್ನೂ ತೆಗೆದು ಅಲ್ಲಿ ಪ್ರಶ್ನೆಯ ಗುರುತನ್ನು ಇಟ್ಟಿರುತ್ತದೆ. ಮೂಲ ಅಕ್ಷರವನ್ನು ಮರಳಿ ಪಡೆಯಲು ಯಾವ ಉಪಾಯವೂ ಇಲ್ಲ; ಹೊಸದಾಗಿಯೇ ಕಳಿಸಬೇಕು.

ಇವಾವುದೂ ಅಲ್ಲದೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಐರೋಪ್ಯ ಗುರುತುಗಳೂ ಬೆರೆತ ಸಾಲುಗಳು ಕಂಡರೆ, ಪತ್ರವನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿರುವ ಸಾಧ್ಯತೆಯೇ ಹೆಚ್ಚು. ಆ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಅದೇ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಪತ್ರವು ಸಾದಾ ಪಠ್ಯವಾಗಿ ಹೋದರೆ ಫಾಂಟ್‌ನ ಹೆಸರೂ ಉಳಿಯುವುದಿಲ್ಲವಾದ್ದರಿಂದ ಆ ಯಂತ್ರದಲ್ಲಿಯೂ ಕಾಣದು. ಮೊಬೈಲ್ ಫೋನಿನಲ್ಲಂತೂ ಹೇಳುವಂತೆಯೇ ಇಲ್ಲ. ಒಂದು ಕಾಲದಲ್ಲಿ ಕನ್ನಡ ಗಣಕೀಕರಣಕ್ಕೆ ಈ ಫಾಂಟ್‌ಗಳು ಮಾಡಿದ ಉಪಕಾರವನ್ನು ಮರೆಯಲಾಗದು. ಆದರೆ ಇ-ಅಂಚೆಗೆ ಅವು ಎಂದೂ ತಕ್ಕವಾಗಿರಲಿಲ್ಲ. ನುಡಿ, ಬರಹ ಎರಡರ ಈಚಿನ ಆವೃತ್ತಿಗಳಲ್ಲಿಯೂ ಯೂನಿಕೋಡ್‌ನಲ್ಲಿ ಬರೆಯುವ ಸೌಲಭ್ಯವಿದೆ. ಹಳೆಯ ಕಡತಗಳನ್ನು ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಪರಿವರ್ತನೆಗೆ ಸಮಯವಿಲ್ಲದಿದ್ದಲ್ಲಿ, ಫಾಂಟ್ ಅಡಕಗೊಳಿಸಿದ ಪಿಡಿಎಫ್ ಕಳಿಸಿದರೆ ಓದಲು ಅಡ್ಡಿಯಿಲ್ಲ, ಆದರೆ ಅದರೊಳಗೆ ಕನ್ನಡ ಪದವನ್ನು ಹುಡುಕಲು ಆಗುವುದಿಲ್ಲ.

ಗಾತ್ರದ ಲೆಕ್ಕ

‘25 ಮೆಗಾಬೈಟ್ ಮಿತಿಯಿದೆ, ನನ್ನ ಕಡತ 20 ಮಾತ್ರ, ಆದರೂ ಹಿಂದಿರುಗಿ ಬಂತು’ ಎಂಬ ದೂರು ಸಾಮಾನ್ಯ. ಕಡತವನ್ನು ಅಕ್ಷರಗಳಾಗಿ ಮೂಟೆ ಕಟ್ಟುವಾಗ ಪ್ರತಿ 3 ಬೈಟ್‌ಗಳು 4 ಅಕ್ಷರಗಳಾಗುತ್ತವೆ. ಸಾಲುಗಳ ಕೊನೆಯ ಗುರುತುಗಳೂ ಸೇರಿ ಗಾತ್ರವು ಸುಮಾರು ಶೇ. 37ರಷ್ಟು ಹಿಗ್ಗುತ್ತದೆ. ಯಂತ್ರದಲ್ಲಿ 20 ಮೆಗಾಬೈಟ್ ಇರುವ ಕಡತ ದಾರಿಯಲ್ಲಿ 27ಕ್ಕಿಂತ ಹೆಚ್ಚು. ಸರ್ವರ್ ತೂಗುವುದು ಮೂಟೆಯನ್ನು, ಒಳಗಿನ ಸರಕನ್ನಲ್ಲ. ಮಿತಿ ತಮ್ಮ ಕಡೆ 25 ಇದ್ದರೂ ಪಡೆಯುವವರ ಸಂಸ್ಥೆಯಲ್ಲಿ 10 ಇರಬಹುದು. ನನ್ನ ಲೆಕ್ಕದಲ್ಲಿ ಒಂದು ಪತ್ರಕ್ಕೆ 7 ಮೆಗಾಬೈಟ್ ಒಳಗಿದ್ದರೆ ನಿಶ್ಚಿಂತೆ.

ಹಿಂದಿರುಗಿದ ಪತ್ರದಲ್ಲಿ ಇಂಗ್ಲಿಷಿನ ಉದ್ದನೆಯ ಒಕ್ಕಣೆಯ ನಡುವೆ ಮೂರು ಅಂಕಿಗಳ ಸಂಕೇತವೊಂದು ಇರುತ್ತದೆ. 5.3.4 ಎಂದರೆ ಗಾತ್ರ ಮಿತಿ ಮೀರಿದೆ, 5.2.2 ಎಂದರೆ ಪಡೆಯುವವರ ಪೆಟ್ಟಿಗೆ ತುಂಬಿದೆ, 5.1.1 ಎಂದರೆ ಆ ವಿಳಾಸವೇ ಇಲ್ಲ. ಈ ಮೂರನ್ನು ಗೋಡೆಯ ಮೇಲೆ ಬರೆದಿಟ್ಟರೆ ಕಚೇರಿಯ ಸಿಬ್ಬಂದಿಗೆ ಅನುಕೂಲ.

ಜಿಮೇಲ್ ತನ್ನ ಮಿತಿ ಮೀರಿದ ಕಡತವನ್ನು ತಾನಾಗಿ ಡ್ರೈವ್‌ಗೆ ಏರಿಸಿ, ಪತ್ರದಲ್ಲಿ ಕೊಂಡಿಯನ್ನು ಮಾತ್ರ ಇಡುತ್ತದೆ. ಆ ಕಡತವನ್ನು ನೋಡಲು ಪಡೆದವರಿಗೆ ಅನುಮತಿ ನೀಡಿದ್ದೇವೆಯೇ ಎಂಬುದನ್ನು ಕಳಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಟೆಂಡರಿನ ಕೊನೆಯ ದಿನ ಸಂಜೆ ‘ಅನುಮತಿ ಕೋರಲಾಗಿದೆ’ ಎಂಬ ಪತ್ರ ಬಂದು, ಅದನ್ನು ಮರುದಿನ ಬೆಳಿಗ್ಗೆ ನೋಡಿದರೆ ಏನು ಫಲ?

ಮತ್ತೆ ಕೆಲವು

ದರಪಟ್ಟಿಯನ್ನು ಪತ್ರದ ಒಡಲಿಗೇ ಅಂಟಿಸುವ ಅಭ್ಯಾಸವನ್ನು ಆದಷ್ಟು ಬಿಡಬೇಕು. ಎಕ್ಸೆಲ್‌ನಿಂದ ತಂದ ಕೋಷ್ಟಕ ಒಂದು ತಂತ್ರಾಂಶದಲ್ಲಿ ಅಂದವಾಗಿ ಕಂಡರೆ, ಸಾದಾ ಪಠ್ಯವಾಗಿ ಬದಲಾದ ಕಡೆ ಅಂಕಣಗಳೆಲ್ಲ ಬೆರೆತು ವಸ್ತುವಿನ ಹೆಸರು ಒಂದು ಕಡೆ, ದರ ಇನ್ನೊಂದು ಕಡೆ ಆಗುತ್ತದೆ. 2007ರ ಆವೃತ್ತಿಯಿಂದ ಔಟ್‌ಲುಕ್ ಎಚ್‌ಟಿಎಂಎಲ್ ಪತ್ರಗಳನ್ನು ವರ್ಡ್ ತಂತ್ರಾಂಶದ ಮೂಲಕ ತೋರಿಸಲು ಆರಂಭಿಸಿದ್ದರಿಂದ, ಜಾಲ ವೀಕ್ಷಕದಲ್ಲಿ ನೋಡಿದ ವಿನ್ಯಾಸವೇ ಅಲ್ಲಿಯೂ ಇರುವುದೆಂಬ ಭರವಸೆಯಿಲ್ಲ. ಜಿಮೇಲ್‌ನಲ್ಲಿ ಪತ್ರದ ಒಡಲು ಸುಮಾರು 102 ಕಿಲೋಬೈಟ್ ಮೀರಿದರೆ ಉಳಿದದ್ದನ್ನು ಮರೆಮಾಡಿ, ಪೂರ್ಣ ಪತ್ರ ನೋಡಲು ಕೊಂಡಿಯೊಂದನ್ನು ಇಡಲಾಗುತ್ತದೆ. ಪಾವತಿಯ ಷರತ್ತು, ದರದ ಅವಧಿ ಮುಂತಾದವನ್ನು ನಾವು ಬರೆಯುವುದು ಕೊನೆಯಲ್ಲಿಯೇ ಅಲ್ಲವೇ?

ಕೋಷ್ಟಕವನ್ನು ಸಿಎಸ್‌ವಿ ಕಡತವಾಗಿ ಕಳಿಸುವವರು ಇನ್ನೊಂದನ್ನು ಗಮನಿಸಬೇಕು. ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಅಂಕಿಗಳ ಮೊದಲಿನ ಸೊನ್ನೆ ಅಳಿಸಿಹೋಗುತ್ತದೆ. ಕಾಫಿಯ ಎಚ್‌ಎಸ್‌ಎನ್ ಸಂಕೇತ 0901 ಎಂಬುದು 901 ಆಗಿ, ಹಾಗೆಯೇ ಸರಕುಪಟ್ಟಿಗೆ ಇಳಿದರೆ ತಿದ್ದುವ ಕೆಲಸ ಯಾರದೆಂಬ ಚರ್ಚೆ ಮೊದಲಾಗುತ್ತದೆ.

ಆಪಲ್ ಯಂತ್ರಗಳಿಂದ ಬರುವ ಪತ್ರಗಳಲ್ಲಿ ಲಗತ್ತನ್ನು ಪಠ್ಯದ ನಡುವೆ ಇಟ್ಟಿದ್ದರೆ, ಅದರ ಮುಂದಿನ ಪಠ್ಯವು ಔಟ್‌ಲುಕ್‌ನಲ್ಲಿ ‘ಎಟಿಟಿ’ ಎಂದು ಆರಂಭವಾಗಿ ಸೊನ್ನೆಗಳಿಂದ ಕೂಡಿದ ಹೆಸರಿನ ಪ್ರತ್ಯೇಕ ಕಡತವಾಗಿ ಕಾಣಬಹುದು. ಅದು ವೈರಸ್ ಅಲ್ಲ, ಪತ್ರದ ಉಳಿದ ಭಾಗ. ಲಗತ್ತುಗಳನ್ನು ಪತ್ರದ ಕೊನೆಯಲ್ಲಿಯೇ ಇಡುವಂತೆ ಕಳಿಸುವವರಿಗೆ ಸೂಚಿಸಬೇಕು. ಐಫೋನ್‌ಗಳು 2017ರಿಂದ ಛಾಯಾಚಿತ್ರಗಳನ್ನು ‘ಎಚ್‌ಇಐಸಿ’ ಎಂಬ ರೂಪದಲ್ಲಿ ಉಳಿಸತೊಡಗಿದವು. ಹಳೆಯ ವಿಂಡೋಸ್ ಯಂತ್ರಗಳಲ್ಲಿ ಅವು ತೆರೆಯದಿರಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್ ಎಂಬಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದರೆ ಮುಂದಿನ ಚಿತ್ರಗಳು ಜೆಪಿಇಜಿ ಆಗಿಯೇ ಉಳಿಯುತ್ತವೆ. ‘ಎಸ್‌ಮೈಮ್ ಡಾಟ್ ಪಿ7ಎಸ್’ ಎಂಬ ಲಗತ್ತು ಕಂಡರೆ ಅದು ಪತ್ರದೊಡನೆ ಬಂದ ಡಿಜಿಟಲ್ ಸಹಿ, ಕಡತವಾಗಿ ತೆರೆಯಬೇಕಾದದ್ದಲ್ಲ. ಇನ್ನು ‘ಇಎಕ್ಸ್‌ಇ’ ಮುಂತಾದ ಚಾಲನಾ ಕಡತಗಳನ್ನು ಜಿಮೇಲ್, ಔಟ್‌ಲುಕ್ ಎರಡೂ ತಡೆಯುತ್ತವೆ. ಜಿಮೇಲ್ ಜಿಪ್ ಒಳಗಿದ್ದರೂ ಬಿಡುವುದಿಲ್ಲ. ಇದನ್ನು ತಪ್ಪಿಸುವ ಉಪಾಯಗಳನ್ನು ಹುಡುಕುವುದು ಬೇಡ. ಆ ತಡೆಯು ನಮ್ಮ ಹಿತಕ್ಕಾಗಿಯೇ ಇದೆ.

ಕಾನೂನಿನ ದೃಷ್ಟಿಯಲ್ಲಿ

ಲಗತ್ತು ತೆರೆಯಲಿಲ್ಲವೆಂದರೆ ಪತ್ರ ತಲುಪಿದಂತೆಯೇ, ಇಲ್ಲವೇ? 2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳಿಸುವವರ ಹತೋಟಿಯ ಹೊರಗಿನ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದಾಗ ರವಾನೆಯಾದಂತೆ. ಪಡೆಯುವವರು ಗೊತ್ತುಪಡಿಸಿದ ವ್ಯವಸ್ಥೆಯನ್ನು ಪ್ರವೇಶಿಸಿದಾಗ ತಲುಪಿದಂತೆ. ತೆರೆದು ಓದುವ ಮಾತು ಅಲ್ಲಿಲ್ಲ. ಆದರೆ 4ನೆಯ ಕಲಮು ಬರಹದ ಸ್ಥಾನದಲ್ಲಿ ವಿದ್ಯುನ್ಮಾನ ದಾಖಲೆಯನ್ನು ಒಪ್ಪುವಾಗ, ಅದು ಮುಂದಿನ ಪರಾಮರ್ಶೆಗೆ ಬಳಸಲು ಬರುವಂತಿರಬೇಕೆಂದು ಹೇಳುತ್ತದೆ. ಬಿಚ್ಚಲಾಗದ ಪೊಟ್ಟಣವು ಈ ಎರಡು ಕಲಮುಗಳ ನಡುವೆ ಸಿಲುಕುತ್ತದೆ. ವಿವಾದ ಉಂಟಾದಲ್ಲಿ ವಕೀಲರ ಸಲಹೆ ಅಗತ್ಯ. ಆದರೆ ‘ತೆರೆಯಲಿಲ್ಲ’ ಎಂದು ಸುಮ್ಮನಿರುವ ಖರೀದಿದಾರರೂ, ‘ಕಳಿಸಿದ್ದೇನೆ’ ಎಂದು ಸುಮ್ಮನಿರುವ ಮಾರಾಟಗಾರರೂ ಸಮಾನವಾಗಿ ಅಪಾಯದಲ್ಲಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಲಗತ್ತು ತೆರೆಯದಿದ್ದರೆ ಅದೇ ದಿನ ಲಿಖಿತವಾಗಿ ತಿಳಿಸಬೇಕು; ಆ ಉತ್ತರವನ್ನು ಮೂಲ ಪತ್ರದೊಡನೆ ಕಾದಿರಿಸಬೇಕು.

ಪ್ರತಿ ಸಂಸ್ಥೆಯೂ ಬೇರೆಬೇರೆ ಸೇವೆಗಳಲ್ಲಿ ಎರಡು ಪರೀಕ್ಷಾ ವಿಳಾಸಗಳನ್ನು ಇಟ್ಟುಕೊಳ್ಳುವುದು ಖರ್ಚಿಲ್ಲದ ಉಪಾಯ. ಔಟ್‌ಲುಕ್ ಬಳಸುವವರು ಒಂದನ್ನು ಜಿಮೇಲ್‌ನಲ್ಲಿ ಇಟ್ಟು, ಇನ್ನೊಂದನ್ನು ಥಂಡರ್‌ಬರ್ಡ್ ಮೂಲಕ ನೋಡಬಹುದು. ಹಣ ತೊಡಗಿರುವ ಪತ್ರವನ್ನು ಮೊದಲು ಅಲ್ಲಿಗೆ ಕಳಿಸಿ, ಗಣಕಯಂತ್ರದಲ್ಲಿಯೂ ಫೋನಿನಲ್ಲಿಯೂ ತೆರೆದು ನೋಡಿದ ಬಳಿಕ ಗ್ರಾಹಕರಿಗೆ ಕಳಿಸಬಹುದು. ಒಬ್ಬ ವಿಳಾಸದಾರರಿಗೆ ಮಾತ್ರ ಅಂಟಿಕೊಂಡ ಸೂಚನೆಯು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳದು. ಆದ್ದರಿಂದ ದೂರು ಬಂದಾಗ ಗ್ರಾಹಕರನ್ನು ಮೂರು ವಿಷಯ ಕೇಳಬೇಕು: ಲಗತ್ತಿನ ಹೆಸರು ಅವರಿಗೆ ಹೇಗೆ ಕಾಣುತ್ತಿದೆ, ಅದರ ಗಾತ್ರವೆಷ್ಟು, ಅವರು ಯಾವ ತಂತ್ರಾಂಶದಲ್ಲಿ ಪತ್ರವನ್ನು ಓದುತ್ತಿದ್ದಾರೆ. ಸಾಧ್ಯವಾದರೆ ಪರದೆಯ ಚಿತ್ರವೊಂದನ್ನು ಕಳಿಸಲು ಕೋರಬೇಕು.